ಗಂಟೆ ಮುಟ್ಟಬೇಡಿ, ಬೀಗರು ಬರ್ತಿದ್ದಾರೆ

ವಸಂತಾ: ಹುಡುಗನ ಅಪ್ಪನ್ನ ಕೂರಿಸೋಕೆ ಇಡೀ ಕ್ಯಾರಿ ಊರಲ್ಲಿ ನಿಮಗೆ ಸಿಕ್ಕಿದ್ದು ಹೆಂಡದಂಗಡಿ ಒಂದೇನಾ ರೀ?

ಬದರಿನಾಥ: ಹೆಂಡದಂಗಡಿ ಅನ್ಬೇಡ ಕಣೇ. ಪಬ್. ಬ್ರಿಟಿಷ್ ಪಬ್. ತುಂಬಾ ಸಂಪ್ರದಾಯದ್ದು.

ವಸಂತಾ: ಓಹೋ. ಹಾಗಾದ್ರೆ ಮಡೀಲಿ ಕುಡಿಸ್ತಾರೆ ಅನ್ನಿ.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ವರ್ಷ, ಒಂದು ಭಾನುವಾರ ಮಧ್ಯಾಹ್ನ. ಈ ದಂಪತಿಯ ಮಗಳು ನಿಧಿಯೂ ದೂರದ ಲ್ಯಾನ್‌ಹ್ಯಾಮ್ ಊರಿನ ಅಮೋಘನೂ ಟೆಲಿಫೋನ್ ತಂತಿ ಕಾದು ಕೆಂಪಾಗುವಷ್ಟು ಮಾತಾಡಿ ಒಬ್ಬರನ್ನೊಬ್ಬರು ಒಪ್ಪಿಕೊಂಡಾಗಿತ್ತು. ಬಾಕಿ ಇದ್ದದ್ದು ಹುಡುಗನ ತಂದೆ ಡಾಕ್ಟರ್ ವೆಂಕಟೇಶಯ್ಯನವರ ಒಂದು ‘ಹೂಂ’. ಸಂಬಂಧ ಕುದುರುವ ತನಕ ಹೆಣ್ಣಿನ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಅವರು ಹೇಳಿದ್ದರಿಂದ, ಹೊರಗೆಲ್ಲಾದರೂ ಜಾಗ ಹುಡುಕುವ ಕೆಲಸ ಬದರಿನಾಥರ ಪಾಲಿಗೆ ಬಂದಿತ್ತು.

ಬದರಿನಾಥ: ರಸ್ತೆಯಿಂದ ನೋಡ್ದೆ. ಮರದ ಕುದುರೆ, ಬಣ್ಣದ ಬಲ್ಬು, ಪಟ್ಟೆಪಟ್ಟೆ ಡೇರೆ. ನಮ್ಮ ಮೈಸೂರು ದಸರಾ ಎಗ್ಸಿಬಿಷನ್ನೇ ನೆನಪಾಯ್ತು. ಮಕ್ಕಳ ಹೋಟೆಲ್ ಅಂದ್ಕೊಂಡು ಟೇಬಲ್ ಬುಕ್ ಮಾಡ್ಬಿಟ್ಟೆ.

ವಸಂತಾ: ಎಗ್ಸಿಬಿಷನ್ನಲ್ಲಿ ಹಪ್ಪಳ ಸಿಗ್ತಿತ್ತು. ಇಲ್ಲಿ ನಿಮ್ಮ ನೆತ್ತಿ ಮೇಲೆ ಏನು ನೇತಾಡ್ತಿದೆ, ಒಂದ್ಸಲ ನೋಡಿ.

ಬದರಿನಾಥ: (ಕತ್ತೆತ್ತಿ) ಕುದುರೆ ಕಾಲು.

ಪಬ್ಬಿನ ಮಾಲೀಕನ ಅಜ್ಜ ಇಂಗ್ಲೆಂಡಿನಲ್ಲಿ ಊರೂರು ತಿರುಗಿ ತಿರುಗುಣಿ ಕುದುರೆ, ಜೋಕಾಲಿ, ಗುರಿ ಹೊಡೆಯುವ ಅಂಗಡಿ ಹಾಕುತ್ತಿದ್ದನಂತೆ. ಆ ಸಾಮಾನನ್ನೆಲ್ಲ ಮೊಮ್ಮಗ ಹಡಗಿನಲ್ಲಿ ತಂದು ಚಾವಣಿಗೆ ತೂಗುಹಾಕಿದ್ದ, ಅಜ್ಜನೊಬ್ಬನನ್ನು ಬಿಟ್ಟಿದ್ದ. ಕುದುರೆಗಳಂತೂ ಎಷ್ಟಿದ್ದವೆಂದರೆ, ಅಂದು ಇಂಗ್ಲಿಷರ ಸೈನ್ಯಕ್ಕೆ ಅಷ್ಟು ಸಿಕ್ಕಿದ್ದರೆ ಅಮೆರಿಕಕ್ಕೆ ಸ್ವಾತಂತ್ರ್ಯ ಬರುತ್ತಲೇ ಇರಲಿಲ್ಲ.

ವಸಂತಾ: ಆ ಡಾಕ್ಟ್ರು ಎಂಥಾ ಮನುಷ್ಯ ಗೊತ್ತೇನ್ರೀ? ಕೆಮ್ಮಿನ ಔಷಧೀಲಿ ಆಲ್ಕೋಹಾಲ್ ಇದೆ ಅಂತ, ಪೇಷೆಂಟುಗಳಿಗೆ ಕೆಮ್ಮೋದೇ ಆರೋಗ್ಯ ಅಂತಾರಂತೆ!

ಬದರಿನಾಥ: ಬೇರೆ ಕಡೆ ಹೋಗೋಣ ಅಂದ್ರೆ ಅವರು ಆಗಲೇ ಕಾರಲ್ಲಿದ್ದಾರೆ. ಕೇಳಿದ್ರೆ ಮ್ಯೂಸಿಯಂ ಅಂದ್ಬಿಡೋಣ.

ವಸಂತಾ: ಮ್ಯೂಸಿಯಂನಲ್ಲಿ ಜನ ಯಾಕೆ ಕುಡೀತಿದ್ದಾರೆ ಅಂತ ಕೇಳಿದ್ರೆ?

ಬದರಿನಾಥ: ಟಿಕೆಟ್ ತಗೊಂಡ ದುಃಖಕ್ಕೆ.

ವಸಂತಾ ಎದ್ದು ಹೋಗಿ, ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ಬಿಯರ್ ನಲ್ಲಿಗಳಿಗೆ ತನ್ನ ಶಾಲು ಹೊದಿಸಿದಳು.

ಮಾಲೀಕ: (ಇಂಗ್ಲಿಷಿನಲ್ಲಿ) ಮೇಡಂ, ಅವಕ್ಕೆ ಚಳಿ ಆಗೋದಿಲ್ಲ.

ವಸಂತಾ: ನನಗೆ ಆಗ್ತಿದೆ. ಒಂದರ್ಧ ಗಂಟೆ ಇರಲಿ.

ಬದರಿನಾಥ: (ಹಿಂದೆಯೇ ಬಂದು) ಈ ಹಿತ್ತಾಳೆ ಗಂಟೆ ಎಷ್ಟು ಲಕ್ಷಣವಾಗಿದೆ ನೋಡೇ.

ಮಾಲೀಕ: ಸಾರ್, ಮುಟ್ಟಬೇಡಿ! ನಮ್ಮಜ್ಜನ ಕುದುರೆ ಹೊರಡೋ ಗಂಟೆ. ಇಲ್ಲಿ ಅದನ್ನ ಬಾರಿಸಿದವರು, ಒಳಗಿರೋರಿಗೆಲ್ಲ ಒಂದೊಂದು ಗ್ಲಾಸು ಕೊಡಿಸಬೇಕು. ಅದು ನಮ್ಮ ಪದ್ಧತಿ.

ವಸಂತಾ: ಕೇಳಿಸ್ತಾ? ಕೈ ಜೇಬಲ್ಲಿ ಇಟ್ಕೊಳ್ಳಿ. ಅದಕ್ಕಿಂತ ಬಾಗಿಲಿಗೆ ಹೋಗಿ ನಿಂತ್ಕೊಳ್ಳಿ. ಅವರು ಕಾರಿಂದ ಇಳೀತಿದ್ದ ಹಾಗೇ ಬೇರೆ ಕಡೆ...

ಬಾಗಿಲು ತೆರೆಯಿತು. ಸೂಟು, ಹಣೆಯಲ್ಲಿ ನಾಮ, ಕೈಯಲ್ಲಿ ಪ್ರಸಾದದ ಕವರು: ಸಾಕ್ಷಾತ್ ವೆಂಕಟೇಶಯ್ಯ. ಬಣ್ಣದ ದೀಪ ನೋಡಿದರು, ಕುದುರೆ ನೋಡಿದರು, ಗಂಟೆ ನೋಡಿದರು. ನೆಟ್ಟಗೆ ನಡೆದುಬಂದು, ಕಣ್ಣು ಮುಚ್ಚಿ, ಢಣ್ಣೆಂದು ಬಾರಿಸಿ ಎರಡೂ ಕೆನ್ನೆ ಮುಟ್ಟಿಕೊಂಡರು. ಆಮೇಲೆ ಎದ್ದ ಕೇಕೆಗೆ ಪಕ್ಕದ ರಾಲೇ ವಿಮಾನ ನಿಲ್ದಾಣದಲ್ಲಿ ಒಂದೆರಡು ವಿಮಾನ ಹೆದರಿ ಬೇಗ ಇಳಿದಿರಬೇಕು.

ವೆಂಕಟೇಶಯ್ಯ: ಏನಿದು ಬದರಿನಾಥ್ ಅವರೇ, ಎಲ್ಲಾ ಎದ್ದು ನಿಂತ್ರು?

ಬದರಿನಾಥ: ಗಂಟೆ ಕೇಳಿದ್ರೆ... ಎದ್ದು ನಿಲ್ಲೋದು... ಇಲ್ಲಿಯವರ ಭಕ್ತಿ.

ವೆಂಕಟೇಶಯ್ಯ: ಲೋಟ ಹಿಡ್ಕೊಂಡು?

ವಸಂತಾ: ತೀರ್ಥಕ್ಕೆ.

ವೆಂಕಟೇಶಯ್ಯ: ಅಷ್ಟು ದೊಡ್ಡ ಲೋಟದಲ್ಲಿ?

ಬದರಿನಾಥ: ಅಮೆರಿಕ ಅಲ್ವೇ ಡಾಕ್ಟ್ರೇ. ಎಲ್ಲಾ ಲಾರ್ಜ್ ಸೈಜು.

ವೆಂಕಟೇಶಯ್ಯ: ನೊರೆ ಬರ್ತಿದೆಯಲ್ಲಮ್ಮ.

ವಸಂತಾ: ಮಜ್ಜಿಗೆ. ಚೆನ್ನಾಗಿ ಕಡೆದಿದ್ದಾರೆ.

ಬೀರುವಿನಷ್ಟು ಅಗಲದ ಟ್ರಕ್ ಡ್ರೈವರೊಬ್ಬ ಬಂದು ವೆಂಕಟೇಶಯ್ಯನವರನ್ನು ತಬ್ಬಿ, ಎತ್ತಿ, ಸುತ್ತು ತಿರುಗಿಸಿ ಇಳಿಸಿದ. ಮರದ ಕುದುರೆಗಳು ಮಾಡದೆ ಬಿಟ್ಟಿದ್ದ ಕೆಲಸ ಅದು.

ವೆಂಕಟೇಶಯ್ಯ: (ನಾಮ ಸರಿಮಾಡಿಕೊಂಡು) ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ವಾರವಾರ ಬಾರಿಸ್ತೀನಿ. ಒಬ್ಬನಾದ್ರೂ ತಿರುಗಿ ನೋಡಿದಾನೆಯೇ? ಮರ್ಯಾದೆ ಅಂದ್ರೆ ಇದು. ನನ್ನದು ಹೂಂ ಅಂತಲೇ ಇಟ್ಕೊಳ್ಳಿ.

ವಸಂತಾ ಉಸಿರು ಬಿಡುವಷ್ಟರಲ್ಲಿ ಮಾಲೀಕ ಕೈ ಒರೆಸಿಕೊಳ್ಳುತ್ತ ಬಂದ.

ಮಾಲೀಕ: ಗಂಟೆ ಬಾರಿಸಿದ ಪುಣ್ಯಾತ್ಮರು ಯಾರು?

ಬದರಿನಾಥ: ನಾನೇ!

ವಸಂತಾ: ಅವರಲ್ಲ, ನಾನು!

ಮದುವೆಯಾದ ಮೇಲೆ ಗಂಡಹೆಂಡಿರು ಒಂದೇ ಮಾತಿಗೆ ನಿಂತದ್ದು ಅದೇ ಮೊದಲು, ಅದೂ ಸುಳ್ಳಿಗೆ. ವೆಂಕಟೇಶಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

ವೆಂಕಟೇಶಯ್ಯ: ಸಾಕು ಬಿಡಿ. ಆ ಮಜ್ಜಿಗೆಗೆ ಬಿಟರ್ ಅಂತಾರೆ, ಇಂಗ್ಲಿಷರ ಕಹಿ ಬಿಯರು. ಲೀಡ್ಸ್‌ನಲ್ಲಿ ಎಫ್‌ಆರ್‌ಸಿಎಸ್ ಓದೋವಾಗ ಇಂಥದ್ದೇ ಪಬ್ಬಿನ ಮೇಲಿನ ರೂಮಲ್ಲಿದ್ದೆ. ಒಂದು ತೊಟ್ಟು ಮುಟ್ಟಲಿಲ್ಲ, ದೇವರಾಣೆ. ಆದರೆ ಅಲ್ಲಿನ ಗಂಟೆ ಮೇಲೆ ಮಾತ್ರ ಕಣ್ಣಿತ್ತು. ಬಾರಿಸಿ ಎಲ್ಲರಿಗೂ ಕೊಡಿಸೋಕೆ ಸ್ಟೂಡೆಂಟಿಗೆ ಎಲ್ಲಿಂದ ಬರಬೇಕು ಧೈರ್ಯ?

ಬದರಿನಾಥ: (ಪರ್ಸು ತಡವಿಕೊಂಡು) ಇವತ್ತು ಬಂತಾ?

ವೆಂಕಟೇಶಯ್ಯ: ಇವತ್ತು ನಾನು ಗಂಡಿನ ಕಡೆಯವನಲ್ವೇ? ಉಪಚಾರ ಎಲ್ಲಾ ಹೆಣ್ಣಿನ ಕಡೆಯವರದು.

ಮಾಲೀಕನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲ ಅರ್ಥವಾದವನಂತೆ ಬದರಿನಾಥರ ಕಡೆ ತಿರುಗಿ ಕೈ ಚಾಚಿದ. ವಸಂತಾ ನಲ್ಲಿಗಳ ಮೇಲಿಂದ ಶಾಲು ಎಳೆದುಕೊಂಡು ನಿಧಾನವಾಗಿ ಮಡಿಸಿದಳು.

ವಸಂತಾ: ಆಗಲಿ ಬೀಗರೇ. ಆದರೆ ಮದುವೆ ಮಾತ್ರ ನಿಮ್ಮ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲೇ. ಅಲ್ಲಿ ನೀವು ಎಷ್ಟು ಸಲ ಗಂಟೆ ಬಾರಿಸಿದ್ರೂ, ತೀರ್ಥ ಉದ್ಧರಣೆಯಲ್ಲೇ ಕೊಡೋದು.