ಸೆಲ್ಫ್ ಗೋಲು ಹೊಡೆದ ಮುಖ್ಯ ಅತಿಥಿ

ನಾನು ಓದು ನಿಲ್ಲಿಸಿದ್ದು ೧೯೯೪ರಲ್ಲಿ, ಎಂಟನೇ ಕ್ಲಾಸಿನಲ್ಲಿ. ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಅಕ್ಷರ ಗೆರೆಯ ಮೇಲೆ ಕೂರುವುದಿಲ್ಲ ಎಂದು ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಈಗ ಕುವೈತಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಹುಲ್ಲು ಬೆಳೆಸಿ, ಬಿಳಿ ಗೆರೆ ಎಳೆಯುವವನು ನಾನೇ. ನನ್ನ ಗೆರೆಯಿಂದ ಚೆಂಡು ಆಚೆ ಹೋದರೆ ರೆಫರಿ ಸೀಟಿ ಊದುತ್ತಾನೆ. ಮೇಷ್ಟ್ರು ಇದನ್ನು ನೋಡಬೇಕಿತ್ತು!

ಇಂಥ ನನಗೆ ಹೋದ ವರ್ಷ ಮೈಕು ಸಿಕ್ಕಿತು. ನಮ್ಮ ಕನ್ನಡ ಸಂಘದಲ್ಲಿ ಹದಿನೆಂಟು ವರ್ಷಗಳಿಂದ ನನ್ನದು ಕುರ್ಚಿ ಜೋಡಿಸುವ ಕೆಲಸ. ಆದರೆ ಕ್ರೀಡಾ ದಿನಕ್ಕೆ ಮುಖ್ಯ ಅತಿಥಿಯಾಗಿ ಬರಲು ನಮ್ಮ ಕ್ಲಬ್ಬಿನ ಕೋಚ್ ಸಾಹೇಬರನ್ನು, ಆಸ್ಟ್ರಿಯಾ ದೇಶದ ಹಳೆಯ ಆಟಗಾರರನ್ನು, ಒಪ್ಪಿಸಿದ್ದು ನಾನು. ಹಾಗಾಗಿ ಅತಿಥಿ ಪರಿಚಯವೂ ನನ್ನದೇ ಎಂದು ಹಟ ಹಿಡಿದೆ. ಸಂಘದ ಕಾರ್ಯದರ್ಶಿ ಪ್ರಭಾಕರ ಸಾರ್ ಮೈಸೂರಿನ ಇಂಜಿನಿಯರು. "ಆಯ್ತು ಕಣಪ್ಪಾ ಶಂಕರ. ಎಡವಟ್ಟು ಮಾಡಿದ್ರೆ ಮಾತ್ರ ಮತ್ತೆ ಕುರ್ಚಿಗೇ" ಎಂದರು.

ಮರುದಿನವೇ ಹುಲ್ಲಿಗೆ ನೀರು ಬಿಟ್ಟು ಸಾಹೇಬರ ಪಕ್ಕ ಕೂತೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತದೆ. ಹದಿನೈದಕ್ಕೇ ಸ್ಕೂಲು ಬಿಟ್ಟರಂತೆ! ನಾನು ಕುಣಿಯುವುದೊಂದು ಬಾಕಿ. ಪ್ಲಂಬರ್ ಕೆಲಸ ಕಲಿತು, ಕ್ಲಬ್ಬು ಸೇರಿ, ಡಿಫೆಂಡರ್ ಆಗಿ, ದೇಶದ ತಂಡದಲ್ಲಿ ಆರು ಸಲ ಆಡಿದರು. ಒಮ್ಮೆ ತಮ್ಮದೇ ಗೋಲಿಗೆ ಚೆಂಡು ಹೊಡೆದರು. ಮೊಣಕಾಲು ಹೋದ ಮೇಲೆ ಕೋಚ್ ಆದರು. "ಮೊದಲು ಯಾವ ದೇಶ?" ಎಂದೆ. "ಗ್ರೀಸ್. ಖಲಾಸ್." "ಆಮೇಲೆ?" "ಸೈಪ್ರಸ್. ಖಲಾಸ್." ಹೀಗೆ ನಾಲ್ಕು ದೇಶ, ನಾಲ್ಕರಲ್ಲೂ ಕೆಲಸದಿಂದ ತೆಗೆದಿದ್ದರು. ಅರಬಿಯಲ್ಲಿ ಅವರಿಗೆ ಬರುತ್ತಿದ್ದದ್ದು ಅದೊಂದೇ ಮಾತು.

"ಕ್ವಾಲಿಫಿಕೇಷನ್ ಏನಂತ ಹಾಕ್ಲಿ?" ಎಂದು ಪ್ರಭಾಕರ ಸಾರ್ ಫೋನಿನಲ್ಲಿ ಕೇಳಿದರು.

"ಸ್ಕೂಲು ಬಿಟ್ಟವರು ಸಾರ್, ನನ್ನ ಹಾಗೇ!"

"ಛೆ ಛೆ! ಶಾಲು ಹೊದಿಸೋ ಮನುಷ್ಯ ಕಣಯ್ಯ. ಉನ್ನತ ವ್ಯಾಸಂಗ ಅಂತ ಹಾಕೋಣ. ಆ ಖಲಾಸ್ ಗಿಲಾಸ್ ಎಲ್ಲ ಬಿಡು."

ಅವರೇ ಬರೆದುಕೊಟ್ಟ ಹಾಳೆಯನ್ನು ಒಂದು ವಾರ ಹುಲ್ಲಿಗೆ ಓದಿ ಹೇಳಿದೆ. 'ಕ್ರೀಡಾ ಕ್ಷೇತ್ರದ ಧ್ರುವತಾರೆ' ಎನ್ನುವಾಗ ಮೂರು ಸಲ ನಾಲಿಗೆ ಕಚ್ಚಿಕೊಂಡೆ.

ಶುಕ್ರವಾರ ಮಧ್ಯಾಹ್ನ ಸಭಾಂಗಣ ಭರ್ತಿ. ಸಾಹೇಬರು ಶಾಲಿನಲ್ಲಿ ಬೆವರುತ್ತಾ, ಮೈಸೂರು ಪೇಟ ಒಂದು ಕಿವಿಗೆ ಜಾರಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದರು. 'ಉನ್ನತ ವ್ಯಾಸಂಗ' ಎಂಬಲ್ಲಿಗೆ ಬಂದೆ. ನಾನೂ ಅವರೂ ಬಿಟ್ಟ ಸ್ಕೂಲಿಗೆ ಪ್ರಭಾಕರ ಸಾರ್ ಅವರನ್ನು ಯಾಕೆ ಮತ್ತೆ ಕಳಿಸಬೇಕು? ಹಾಳೆ ಮಡಚಿ ಜೇಬಿಗೆ ಹಾಕಿ, ಪ್ಲಂಬರ್ ಕೆಲಸದಿಂದ ಹಿಡಿದು ನಾಲ್ಕು ಖಲಾಸ್‌ವರೆಗೆ ಎಲ್ಲವನ್ನೂ ಊರ ಮಾತಿನಲ್ಲಿ ಹೇಳಿಬಿಟ್ಟೆ ಮಾರಾಯ್ರೆ! ಫೋನು ಉಜ್ಜುತ್ತಿದ್ದ ಮಕ್ಕಳು ತಲೆ ಎತ್ತಿದರು. "ಸೆಲ್ಫ್ ಗೋಲ್? ರಿಯಲಿ?" ಎಂದಳು ಒಬ್ಬಳು. ದೊಡ್ಡವರು ಕಾರ್ಯದರ್ಶಿಗಳ ಕಡೆ ತಿರುಗಿದರು. ಪ್ರಭಾಕರ ಸಾರ್ ಮುಖ ಮುಚ್ಚಿಕೊಂಡಿದ್ದರು.

ಸಾಹೇಬರು ಬಗ್ಗಿ, ಏನು ಹೇಳಿದೆ ಎಂದು ಕೇಳಿದರು. "ಎವ್ರಿಥಿಂಗ್" ಎಂದೆ. "ಸೆಲ್ಫ್ ಗೋಲೂ?" "ಅದೂ." ಅವರು ಎದ್ದು ಮೈಕು ಕಿತ್ತುಕೊಂಡರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಗಂಭೀರವಾಗಿ ಎರಡು ಬೆರಳು ಎತ್ತಿ ತೋರಿಸಿದರು. "ಒಂದಲ್ಲ, ಎರಡು!"

ಆ ಚಪ್ಪಾಳೆ, ಆ ನಗು! ಮಕ್ಕಳು ಸಾಹೇಬರನ್ನು ಊಟಕ್ಕೂ ಬಿಡಲಿಲ್ಲ. "ಇನ್ಮೇಲೆ ಪರಿಚಯ ಎಲ್ಲ ನಿಂದೇ ಕಣಯ್ಯ" ಎಂದು ಪ್ರಭಾಕರ ಸಾರ್ ಬೆನ್ನು ತಟ್ಟಿದರು.

ಆಮೇಲೆ ನಮ್ಮ ಕ್ಲಬ್ಬು ಸಾಲಾಗಿ ಮೂರು ಪಂದ್ಯ ಸೋತಿತು. ಐದನೇ ಖಲಾಸ್. ಹೊರಡುವಾಗ ಸಾಹೇಬರು ಸೂಟ್‌ಕೇಸಿನಲ್ಲಿ ಹಿಡಿಸದ ಪೇಟವನ್ನೂ ಕೊರಳಿನ ಸೀಟಿಯನ್ನೂ ನನಗೆ ಕೊಟ್ಟರು. ಈ ವರ್ಷದ ಮುಖ್ಯ ಅತಿಥಿ ಒಬ್ಬ ದೊಡ್ಡ ಡಾಕ್ಟರು. ಪರಿಚಯಕ್ಕೆ ಮಾಹಿತಿ ಬೇಕಲ್ಲ, ಅದೇ ಉತ್ಸಾಹದಲ್ಲಿ ಫೋನು ಮಾಡಿ, "ನಿಮ್ಮನ್ನು ಎಷ್ಟು ಆಸ್ಪತ್ರೆಯಿಂದ ತೆಗೆದಿದ್ದಾರೆ ಸಾರ್?" ಎಂದು ಕೇಳಿದೆ.

ಈಗ ನನ್ನ ಬಳಿ ಇರುವುದು: ಪೇಟ ಒಂದು, ಸೀಟಿ ಒಂದು, ಜೋಡಿಸಬೇಕಾದ ಕುರ್ಚಿ ಇನ್ನೂರು.