ಗೀಟಿನ ಚೀಟಿ, ಗೀಟಿನ ದಡಿ

ಕೆಲವ್ರ ಹಣೇಬಾರದಾಗ ನೌಕರಿ ಬರದಿರ್ತೈತಿ, ಕೆಲವ್ರದಾಗ ಫಜೀತಿ. ನನಗ ಮಾತ್ರ ದೇವ್ರು ಎರಡೂ ಒಂದ ಸಾಲಿನ್ಯಾಗ ಬರದು ಕೈ ತೊಳಕೊಂಡಾನ. ಆನ್‌ಲೈನ್ ಲಾಟ್ರಿ ಇನ್ನೂ ಬಂದ್ ಆಗಿರಲಿಲ್ಲ, ಆ ಕಾಲದಾಗ ನಾನು ಗಜೇಂದ್ರಗಡದ ಒಂದು ಅಂಗಡ್ಯಾಗ ಅದರ ಮಷಿನ್ ನಡಸ್ತಿದ್ದೆ. ನಾ ಯಾರ ಉಸಾಬರಿಗೂ ಹೋಗಾಂವಲ್ಲ, ಸುಮ್ನ ಕುರ್ಚಿ ಮ್ಯಾಲ ಕುಂತಿರ್ತಿದ್ದೆ. ಫಜೀತಿ ತಾನ ಬಾಗಲಾ ಹುಡುಕ್ಕೊಂಡು ಬರ್ತಿತ್ತು.

ಮೊದಲ ಆ ಮಷಿನ್ ಹ್ಯಾಂಗಿತ್ತು ಹೇಳಿಬಿಡ್ತೀನಿ. ಕಂಪನ್ಯಾವ್ರು ನಂಬರಿನ ಮನಿ ಹಾಕಿದ ಕಾಗದ ಕೊಡ್ತಿದ್ರು. ಮಂದಿ ತಮಗ ಬೇಕಾದ ಆರು ನಂಬರಿಗೆ ಗುರುತ ಹಾಕಿ ಕೊಡೂದು, ನಾ ಅವನ್ನ ಮಷಿನ್ನಿನ್ಯಾಗ ಒತ್ತೂದು. ದಿನಾ ಅದ ನಂಬರ ಆಡಾವ್ರಿಗೆ ಒಂದು ಸವಲತ್ತಿತ್ತು. ಒಂದ ಸಲ ಒತ್ತಿದ್ರ ಅವರ ನಂಬರಿಗೆ ಮಷಿನ್ ಒಂದು ಚೀಟಿ ಕೊಡ್ತಿತ್ತು. ಅದರ ಮ್ಯಾಲ ದಪ್ಪ, ಸಣ್ಣ ಕರೀ ಗೀಟು, ಅದಕ್ಕ ಬಾರ್‌ಕೋಡ್ ಅಂತಾರ. ಮರುದಿನ ಆ ಗೀಟನ್ನ ಮಷಿನ್ನಿನ ಕೆಂಪ ದೀಪದ ಮುಂದ ಹಿಡದ್ರ ಸಾಕು, ‘ಟಿಂಯ್’ ಅಂದು ಅವರ ನಂಬರಿನ ಟಿಕೀಟು ತಾನ ಹೊರಗ ಬೀಳ್ತಿತ್ತು. ಬಿದ್ದ ಟಿಕೀಟು ಹೊಳ್ಳಿ ಒಳಗ ಹೋಗೂದಿಲ್ಲ, ಯಾರೂ ತಗೊಳ್ಳಿಲ್ಲಂದ್ರ ಮಾಲಕರ ತಲೀಗೆ. ಇದೊಂದು ಮಾತು ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತೈತಿ.

ಮಾಲಕರದು ಮೊದಲಿಂದ ಛತ್ರಿ, ಬ್ಯಾಟ್ರಿ ಮಾರೂ ಅಂಗಡಿ. ನರಗುಂದದಾಗ ಅವರ ಸಡ್ಡಕ ಇದ್ದ, ಅಂದ್ರ ಅವರ ಹೆಂಡ್ತಿ ತಂಗೀ ಗಂಡ. ಒಂದ ಮನಿ ಅಳಿಯಂದ್ರು, ಆದ್ರ ಹಾವು ಮುಂಗಸಿ. ಇವ್ರು ಫ್ರಿಜ್ ತಂದ್ರ ಆಂವ ಇದಕ್ಕಿಂತ ಒಂದು ಗೇಣು ಎತ್ತರದ್ದು ತರ್ತಿದ್ದ. ಈ ಮಷಿನ್ ಸುತ್ತಮುತ್ತ ಒಂದ ಊರಿಗೆ ಕೊಡಾವ್ರಿದ್ರು, ಅದು ನಮಗ ಬಂತು. ಕಂಪನಿ ಸಾಹೇಬ್ರು ಮಾತ್ರ ಹೋಗೂ ಮುಂದ ಒಂದು ಮುಳ್ಳು ನೆಟ್ಟು ಹೋದ್ರು. “ಸದ್ಯಕ್ಕೆ ನೋಡೋಣ ಅಂತ ಕೊಟ್ಟಿದ್ದೀವಿ. ಸರಿಯಾಗಿ ನಡೀಲಿಲ್ಲ ಅಂದ್ರೆ ನರಗುಂದಕ್ಕೆ ತಗೊಂಡ್ಹೋಗ್ತೀವಿ.” ಅವತ್ತಿಂದ ಮಾಲಕರಿಗೆ ಊಟ ಸೇರವಲ್ದಾತು.

ಹಣಿ ಯಾವ್ದು

ಒಂದು ಅಮಾಸಿ ದಿನ ನಾ ರೋಣದಿಂದ ಬಸ್ಸಿಗೆ ಬರೂದು ತಡಾ ಆತು. ನಾ ರೋಣದಾಂವ, ದಿನಾ ಬಂದು ಹೋಗಿ ಮಾಡ್ತಿದ್ದೆ. ಬಂದು ನೋಡಿದ್ರ ಅಂಗಡಿ ಮುಂದ ಮಂದಿ ಗದ್ಲಾ. ಯಾರ ಚೀಟಿ ಹಿಡದ್ರೂ ಮಷಿನ್ ‘ಟಿಂಯ್’ ಅನ್ನವಲ್ದು. ಮಾಲಕರು ಬೆವತು ಬನೀನ್ ಹಿಂಡಿಕೊಳ್ಳೂ ಹಂಗ ಆಗಿದ್ರು.

“ನರಗುಂದದಾಂವ ಏನರ ಮಾಟಾ ಮಾಡಿಸ್ಯಾನೇನೋ ತಮ್ಮಾ?” ಅಂದ್ರು.

ನಾ ಬಗ್ಗಿ ನೋಡಿದೆ. ಮಷಿನ್ನಿಗೆ ಹೂವಿನ ಮಾಲಿ, ಊದಿನಕಡ್ಡಿ, ಎಲ್ಲಾ ಚಂದಂಗ ಪೂಜಿ ಆಗಿತ್ತು. ಕೆಂಪ ದೀಪದ ಗಾಜಿನ ಮ್ಯಾಲ ರೂಪಾಯಿ ಅಗಲ ಕುಂಕುಮ.

“ಮಾಲಕರ, ಇದು ಅದರ ಕಣ್ಣರಿ. ಕಣ್ಣಾಗ ಕುಂಕುಮ ಹಾಕಿದ್ರ ಹ್ಯಾಂಗ ಓದಬೇಕು?”

ಮಾಲಕರು ಮಷಿನ್ನಿನ ಸುತ್ತ ಒಂದು ಸುತ್ತ ಹಾಕಿದ್ರು. “ಹಣಿಗೆ ಹಚ್ಚಬೇಕಂತ ಮಾಡಿದ್ದೆ,” ಅಂದ್ರು. “ಆದ್ರ ಇದರ ಹಣಿ ಯಾವ್ದಂತ ಕಂಪನ್ಯಾವ್ರು ಹೇಳೇ ಹೋಗಿಲ್ಲಲ್ಲೋ.”

ಸಬಕಾರದ ನಂಬರು

ಜಕ್ಕಲಿಯಿಂದ ಒಬ್ಬ ಯಜಮಾನ ಬರ್ತಿದ್ದ. ದಿನಾ ಆಡಾಂವಲ್ಲ, ದಿನಾ ನೋಡಾಂವ. ಒಂದಿನ ಮೈಗೆ ಹಚ್ಚೂ ಸಬಕಾರದ ಹೊಸಾ ಪಾಕೀಟ್ ತಂದು ನನ್ನ ಮುಂದ ಇಟ್ಟ.

“ಇದರಾಗೂ ಗೀಟ ಅದಾವು. ಓದಸು.”

“ಯಜಮಾನ್ರ, ಇದು ಸಬಕಾರದ ಗೀಟರಿ. ಲಾಟ್ರಿದಲ್ಲ.”

“ಗೀಟ ಗೀಟನ. ನೀ ಓದಸು, ನಿನ್ನ ಗಂಟೇನ ಹೋಗ್ತೈತಿ?”

ಹಿಡದೆ. ಮಷಿನ್ ‘ಕಿರ್ರ್’ ಅಂತು. ಅಂದ್ರ ತಿಳೀಲಿಲ್ಲ ಅಂತ. ಯಜಮಾನ ಸೋಲಾಂವಲ್ಲ. ಪಾಕೀಟ್ ತಿರಗಿಸಿ ಹಿಡಿಸಿದ, ಉಲ್ಟಾ ಹಿಡಿಸಿದ, ಕಡೀಕ ಪಾಕೀಟ್ ಬಿಚ್ಚಿ ಬರೇ ಕಾಗದ ಹಿಡಿಸಿದ. ಮೂರೂ ಸಲ ‘ಕಿರ್ರ್’. ಅಂಗಡಿ ತುಂಬ ಮಲ್ಲಿಗಿ ವಾಸನಿ ಆತು. ಆಂವ ಸಬಕಾರ ಧೋತ್ರದ ಚುಂಗಿನ್ಯಾಗ ಕಟಗೊಂಡು ಎದ್ದು ನಿಂತು ಕೇಳಿದ, “ಇರ್ಲಿ ಬಿಡು. ಅಕಸ್ಮಾತ್ ಬಂದಿತ್ತಂದ್ರ, ರೊಕ್ಕಾ ಕೊಡ್ತಿದ್ರೊ ಸಬಕಾರ ಕೊಡ್ತಿದ್ರೊ?”

ಪೇಂಟರನ ರಿಪೇರಿ

ಲಾರಿ ಹಿಂದ ಬರಿಯೂ ಒಬ್ಬ ಪೇಂಟರ ನಮ್ಮ ಗಿರಾಕಿ. ಅವನ ಚೀಟಿ ಬೆವರಿನ್ಯಾಗ ನೆನದು ಗೀಟು ಅಳಿಸಿದ್ವು. ಹೊಸಾದು ಕೊಡ್ತೀನಿ ಅಂದ್ರ ಕೇಳಲಿಲ್ಲ. “ನಾ ಇದ್ದೂ ಗೀಟು ನೀವು ಹಾಕೂದಾ?” ಅಂದು ಮನಿಗೊಯ್ದ.

ಮರುದಿನ ತಂದ ಚೀಟಿ ನೋಡಿ ನಾ ದಂಗಾದೆ. ಸಣ್ಣ ಗೀಟು ಯಾವೂ ಇರಲಿಲ್ಲ. “ಪಾಪ, ಸೊರಗಿದ್ವು. ಎಲ್ಲಾ ಒಂದ ಸಮ ದಪ್ಪ ಮಾಡೇನಿ,” ಅಂದ. ನಾಕೂ ಮೂಲೀಗೆ ಗುಲಾಬಿ ಹೂವು ಬ್ಯಾರೆ ಬಿಡಿಸಿದ್ದ. ದೀಪದ ಮುಂದ ಹಿಡದ್ರ ‘ಕಿರ್ರ್’.

“ಗೀಟು ಓದಾಕ ಬರಲಿಲ್ಲಂದ್ರ ಬಿಡ್ರಿ,” ಅಂದ ಪೇಂಟರ, “ಗುಲಾಬಿಯರ ಓದಸ್ರಿ.”

ಇಂಜಿನಿಯರ್ ಅಥವಾ ಛತ್ರಿ

ಇನ್ನ ನನ್ನ ಸ್ವಂತ ಫಜೀತಿಗೆ ಬರ್ತೀನಿ. ನಮ್ಮ ಅಂಗಡಿಗೆ ಸೀರಿ ನೇಯೂ ಒಬ್ಬ ಕಾಕಾ ತಪ್ಪದ ಬರ್ತಿದ್ರು. ದಿನಾ ಒಂದು ಟಿಕೀಟು, ದಿನಾ ಅದ ಆರು ನಂಬರು. ಅವರ ಚೀಟಿ ಕಿಸೆದಾಗ ಮಡಿಚಿ ಇರ್ತಿತ್ತು. ಅವರಿಗೊಬ್ಬಾಕಿ ಮಗಳಿದ್ಲು. ಆಕೀನೂ ಮಗ್ಗದ ಮ್ಯಾಲ ಕುಂಡ್ರತಿದ್ಲು. ಒಮ್ಮೆ ಅಪ್ಪ ಮರತು ಹೋದ ಛತ್ರಿ ಒಯ್ಯಾಕ ಬಂದಿದ್ಲು, ಆವಾಗ ನೋಡಿದ್ದೆ. ಸುಳ್ಳ ಯಾಕ ಹೇಳ್ಲಿ, ಅವತ್ತ ಮೂರು ಮಂದಿ ನಂಬರ ತಪ್ಪ ಒತ್ತಿದೆ.

ಮಾತು ಮುಂದ ಹೋತು. ನಮ್ಮವ್ವ ಹೋಗಿ ಕೇಳಿ ಬಂದ್ಲು. ಕಾಕಾ ಇಲ್ಲ ಅನಲಿಲ್ಲ, ಆದ್ರ ಒಂದು ಕರಾರು ಹಾಕಿದ್ರು. “ಮಷಿನ್ ಇರೂತನಕ ಹುಡುಗ ಇಂಜಿನಿಯರ್ ಇದ್ಹಂಗ. ಮಷಿನ್ ಹೋತಂದ್ರ ಛತ್ರಿ ಮಾರಾಂವ. ಸಾಹೇಬ್ರು ಬಂದು ಮಷಿನ್ ಇಲ್ಲೇ ಇರ್ತೈತಿ ಅಂತ ಹೇಳ್ಲಿ, ಅವತ್ತ ಸಂಜೀಗೆ ಸಕ್ರಿ ಹಂಚಿ ಮದಿವಿ ಮಾತು ಗಟ್ಟಿ ಮಾಡೂಣು.”

ಹಿಂಗ ನನ್ನ ಮದಿವಿ ಹೋಗಿ ಕೆಂಪ ದೀಪದ ಮುಂದ ನಿಂತಿತು. ಮಾಲಕರಿಗೆ ಸಡ್ಡಕನ ಚಿಂತಿ, ನನಗ ಹುಡುಗಿ ಚಿಂತಿ, ಇಬ್ಬರೂ ಮಷಿನ್ನಿಗೆ ಕೈ ಮುಗೀತಿದ್ವಿ.

ಅಷ್ಟರಾಗ ಕಾಕಾ ಒಂದಿನ ಖುಷಿಲೆ ಬಂದು ಹೇಳಿದ್ರು, “ನಮ್ಮ ಹುಡುಗಿ ಸೀರಿ ಅಂಚಿಗೆ ಹೊಸಾ ದಡಿ ಹಾಕ್ಯಾಳ. ದಪ್ಪಂದು, ಸಣ್ಣಂದು, ಗೀಟಿನ ದಡಿ. ನಿನ್ನ ಚೀಟಿ ನೋಡೇ ಹಾಕ್ಯಾಳ ನೋಡು, ಒಂದು ಎಳಿ ಹೆಚ್ಚಿಲ್ಲ ಕಡಿಮಿಲ್ಲ. ಪ್ಯಾಟಿ ಹೆಣ್ಮಕ್ಕಳು ಮ್ಯಾಲಿಂದ ಮ್ಯಾಲ ಒಯ್ಯಾಕತ್ತಾರ.” ಚಲೋ ಆತು ಬಿಡ್ರಿ ಅಂದೆ. ನನ್ನ ಬುದ್ಧಿ ಆವಾಗ ಎಲ್ಲಿ ಮೇಯಾಕ ಹೋಗಿತ್ತೋ.

ದೆವ್ವದ ಗಿರಾಕಿ

ಒಂದು ವಾರ ಕಳೀತು. ಮಧ್ಯಾಹ್ನ ಅಂಗಡ್ಯಾಗ ಒಂದು ನೊಣಾ ಇರಲಿಲ್ಲ. ಮಷಿನ್ ತಾನ ‘ಟಿಂಯ್’ ಅಂತು, ಟಿಕೀಟು ಬಿತ್ತು. ನಾನು, ಮಾಲಕರು ಮಾರಿ ಮಾರಿ ನೋಡಿದ್ವಿ. ಸ್ವಲ್ಪ ಹೊತ್ತಿಗೆ ಮತ್ತ ‘ಟಿಂಯ್’. ಸಂತಿ ದಿನ ಅಂತೂ ಹೇಳಬಾರದು, ಗುಡಿ ಗಂಟಿ ಬಾರಿಸಿದಂಗ ಬಾರಿಸ್ತು. ನೋಡಿದ್ರ ಎಲ್ಲಾ ನಂಬರೂ ನೇಕಾರ ಕಾಕಾನವು. ಆದ್ರ ಕಾಕಾ ಅತ್ಲಾಗ ಬಂದೇ ಇರಲಿಲ್ಲ.

ನಮ್ಮ ಕೆಂಪ ದೀಪದ ಮಾರಿ ರಸ್ತೆ ಕಡೆ ಇತ್ತು. ಅಂಗಡಿ ಕಟ್ಟಿ ಪಕ್ಕದಾಗ ಬುಟ್ಟಿ ಹಿಡಕೊಂಡು ಹೆಣ್ಮಕ್ಕಳು ಹಾದು ಹೋಗ್ತಿದ್ರು. ಅದನ್ನ ಯಾರು ಲಕ್ಷ್ಯ ಕೊಟ್ಟು ನೋಡ್ತಾರ.

ಮಾಲಕರು ಮಷಿನ್ನಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ರು. ಈ ಸಲ ಕಣ್ಣು ಬಿಟ್ಟು ಕಟ್ಟಿದ್ರು. ಆದ್ರೂ ‘ಟಿಂಯ್’. ಬಿದ್ದ ಟಿಕೀಟು ಕೈಯಾಗ ಹಿಡಕೊಂಡು ಅಳೂ ದನೀಲೆ ಅಂದ್ರು, “ದೆವ್ವ ಲಾಟ್ರಿ ಆಡಾಕತ್ತೈತೋ ತಮ್ಮಾ. ಆಡ್ಲಿ, ಬ್ಯಾಡ ಅನ್ನೂದಿಲ್ಲ. ಉದ್ರಿ ಆಡಾಕತ್ತೈತಿ.”

ಸಾಹೇಬ್ರು ಬಂದ ದಿನ

ಸಾಹೇಬ್ರು ಬಂದ್ರು. ನಾ ಇಸ್ತ್ರಿ ಅಂಗಿ ಹಾಕ್ಕೊಂಡಿದ್ದೆ. ಮಾಲಕರು ಮಿರ್ಚಿ, ಗಿರ್ಮಿಟ್ ತರಿಸಿದ್ರು. ಮಷಿನ್ ಆ ಹೊತ್ತಿಗೆ ಹಸುಳಿ ಕೂಸಿನಂಗ ಸುಮ್ನಿತ್ತು. ಸಾಹೇಬ್ರು ಮಿರ್ಚಿ ತಿನಕೋತ, “ಪರವಾಗಿಲ್ಲ, ಚೆನ್ನಾಗಿ ಇಟ್ಕೊಂಡಿದ್ದೀರ,” ಅಂದ್ರು. ಕಾಕಾ ಬಾಗಲ್ದಾಗ ನಿಂತು ಆ ಮಾತು ಕೇಳಿ ನನಗ ಕಣ್ಣು ಹೊಡದ್ರು. ನನ್ನ ಕಿವ್ಯಾಗ ಆಗಲೇ ಸನಾದಿ ಊದಾಕತ್ತಿತ್ತು.

ಅದ ಹೊತ್ತಿಗೆ ಅವರ ಮಗಳು ತನ್ನವ್ವನ ಜೋಡಿ ಬಂದ್ಲು. ಬ್ಯಾಟ್ರಿಗೆ ಸೆಲ್ಲು ಬೇಕು ಅನ್ನೂದು ನೆವ, ವರನ್ನ ಇನ್ನೊಮ್ಮೆ ನೋಡೂದು ಕೆಲಸ. ತಾನ ನೇಯ್ದ ಹೊಸಾ ಸೀರಿ ಉಟ್ಟಿದ್ಲು. ನಾಚಿಕೊಂಡು ಸೆರಗಿನ ದಡಿ ಬೆರಳಿಗೆ ಸುತ್ತೂದು, ಬಿಡೂದು ಮಾಡ್ಕೋತ ಸೀದಾ ಕೆಂಪ ದೀಪದ ಮುಂದ ನಿಂತ್ಲು.

ಟಿಂಯ್. ಟಿಂಯ್. ಟಿಂಯ್.

ಟಿಕೀಟು ಬಿದ್ದು ಬಿದ್ದು ನೆಲಕ್ಕ ಹಾಸ್ತು. ಸಾಹೇಬ್ರ ಕೈಯಾಗಿನ ಮಿರ್ಚಿ ಅಲ್ಲೇ ನಿಂತಿತು. ಅವ್ರು ಎದ್ದು ಟಿಕೀಟು ನೋಡಿದ್ರು, ಸೀರಿ ನೋಡಿದ್ರು, ಕಾಕಾನ ಚೀಟಿ ಇಸಗೊಂಡು ದಡಿ ಪಕ್ಕ ಹಿಡದ್ರು. ಗೀಟಿಗೆ ಗೀಟು ಕೂಡಿತು. ಅವರ ನೌಕರ್ಯಾಗ ಹಿಂಥಾದ್ದು ಕಂಡಿರಲಿಕ್ಕಿಲ್ಲ.

“ಎಷ್ಟು ಸೀರೆ ಮಾರಿದ್ದೀರ?” ಅಂತ ಕೇಳಿದ್ರು.

“ಪ್ಯಾಟಿಗೆಲ್ಲಾ ಅದ ಐತ್ರೀ ಸಾಹೇಬ್ರ,” ಅಂದ್ರು ಕಾಕಾ ಹೆಮ್ಮಿಲೆ. “ನಿಮ್ಮ ಮನ್ಯಾಗಿನವ್ರಿಗೂ ಒಂದು ಕಟ್ಟಿಕೊಡ್ಲೇನ್ರಿ?”

ಸಂಜೀಗೆ ಮಷಿನ್ ಟೆಂಪೊ ಹತ್ತಿ ನರಗುಂದಕ್ಕ ಹೋತು.

ಕುಬಸದ ಸೀರಿ

ಆ ದಿನಗಳ ಮಾತು ಬ್ಯಾಡ್ರಿ. ನನಗ ಖರೇನ ಭಾಳ ಸಂಕಟ ಆಗಿತ್ತು. ಛತ್ರಿ ಬಿಚ್ಚಿ ಮುಚ್ಚಿ ಗಿರಾಕಿಗೆ ತೋರಸ್ತಿದ್ದೆ, ಹೊರಗ ಬಿಸಲು ರಣ ರಣ. ಕಾಕಾ ಅಂಗಡಿ ಮುಂದ ಹಾದ್ರೂ ಒಳಗ ಬರ್ತಿರಲಿಲ್ಲ. ಮಾಲಕರಿಗೆ ಸಡ್ಡಕ ದಿನಾ ಫೋನ್ ಮಾಡಿ, “ಆರಾಮ ಅದೀರೇನ್ರಿ ಅಣ್ಣಾರ? ವ್ಯಾಪಾರ ಹ್ಯಾಂಗ?” ಅಂತ ಕೇಳಿ ಉರಸ್ತಿದ್ದ.

ಒಂದಿನ ಮಾಲಕರ ಮನ್ಯಾಗ ನಾ ಊಟಕ್ಕ ಕುಂತಿದ್ದೆ. ಕಾಕಾನ ಮಗಳು ಸೀರಿ ಗಂಟು ಹಿಡಕೊಂಡು ಬಂದ್ಲು. ಮಾಲಕರ ಹೆಂಡ್ತಿ, ನಾ ಅವರಿಗೆ ಅಕ್ಕಾರ ಅಂತಿದ್ದೆ, ಬಸರಿದ್ದ ನರಗುಂದದ ತಂಗಿ ಕುಬಸಕ್ಕ, ಅಂದ್ರ ಸೀಮಂತಕ್ಕ, ಹಸರ ಸೀರಿ ಹುಡುಕಾಕತ್ತಿದ್ರು. ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ಗಂಟು ಬಿಚ್ಚಿ ಒಂದು ಹಸರ ಸೀರಿ ತಗದು ಹಾಸಿದ್ಲು. ದಡ್ಯಾಗ ಬಿಳೇದರ ಮ್ಯಾಲ ಕರೀ ಗೀಟು.

“ನಿಮ್ಮ ತಂಗ್ಯಾರು ದಿನಾ ಅಂಗಡ್ಯಾಗ ಕುಂಡ್ರತಾರಂತಲ್ರಿ ಅಕ್ಕಾರ. ಅಂಗಡಿಗೆ ಇದು ಭಾಳ ಒಪ್ತೈತಿ ನೋಡ್ರಿ.”

ನನ್ನ ಕೈಯಾಗಿನ ರೊಟ್ಟಿ ತುತ್ತು ಅಲ್ಲೇ ನಿಂತಿತು. ಮಾಲಕರು ಸೀರಿ ನೋಡಿದ್ರು, ಹುಡುಗಿ ನೋಡಿದ್ರು. ಹೆಂಡ್ತಿ ತವರಿಗೆ ಒಂದು ಬೆಲ್ಲದ ಪೆಂಟಿ ಕೊಡಾಕೂ ಹಿಂದ ಮುಂದ ನೋಡೂ ಮನುಷ್ಯ. ಅವರ ಮಾರಿ ಮ್ಯಾಲ ಸಾವಕಾಶ ನಗಿ ಮೂಡ್ತು.

“ಒಂದ ಯಾಕ? ಎರಡ ಕೊಡವಾ,” ಅಂದ್ರು. “ಒಂದು ತೊಳದು ಹಾಕಿದಾಗ ಬದಲಿಗೆ ಬೇಕಲ್ಲ.”

ಕುಬಸ ಆತು. ಎಂಟು ದಿನಕ್ಕ ನರಗುಂದದಿಂದ ಫೋನ್ ಬಂತು. ಸಡ್ಡಕ ಒಂದ ಉಸಿರಿನ್ಯಾಗ ಅಂದ, “ಅಣ್ಣಾರ, ಈ ಮಷಿನ್ನಿಗೆ ದೆವ್ವ ಬಡದೈತ್ರಿ. ತಾನ ಆಡಾಕತ್ತೈತಿ.”

ಮಾಲಕರು ಮೀಸಿ ತಿರುವಿ ತಣ್ಣಗ ಕೇಳಿದ್ರು, “ರೋಖ ಆಡ್ತೈತೊ ಉದ್ರಿನೋ?”

ವರೋಪಚಾರ

ಮಷಿನ್ ಹೊಳ್ಳಿ ಬಂತು. ನರಗುಂದದ ಸಡ್ಡಕ ಅದನ್ನ ಇನ್ನೊಂದು ದಿನಾನೂ ಇಟ್ಟುಕೊಳ್ಳಾಕ ಒಲ್ಲೆ ಅಂದಿದ್ದನಂತ. ಸಾಹೇಬ್ರು ಈ ಸಲ ಮಿರ್ಚಿ ಮುಟ್ಟಲಿಲ್ಲ. ಸೀದಾ ಒಳಗ ಬಂದು ಕೆಂಪ ದೀಪದ ಮಾರಿ ರಸ್ತೆ ಕಡಿಂದ ಗ್ವಾಡಿ ಕಡೆ ತಿರಗಿಸಿ, “ಇಷ್ಟೇ ಕಣ್ರೀ. ಇನ್ಮೇಲೆ ಮಷಿನ್ ಇಲ್ಲೇ ಇರುತ್ತೆ,” ಅಂದು ಹೋದ್ರು. ಇಷ್ಟ ಕೆಲಸ ಮೊದಲ ಯಾರಿಗೂ ಹೊಳದಿರಲಿಲ್ಲ. ಸಾಹೇಬ್ರಿಗೂ ಹೊಳದಿರಲಿಲ್ಲ, ಅದೊಂದ ಸಮಾಧಾನ.

ಅವತ್ತ ಸಂಜೀಗೆ ಸಕ್ರಿ ಹಂಚಿದ್ರು. ಮಾತುಕತ್ಯಾಗ ವರೋಪಚಾರದ ವಿಷಯ ಬಂದಾಗೆಲ್ಲ ಕಾಕಾ, “ಕೊಡೂಣು, ಕೊಡೂಣು. ಮದಿವಿ ದಿನ ಕೈಯಾಗ ಇಡ್ತೀನಿ,” ಅಂತಿದ್ರು. ನಮ್ಮಪ್ಪ ವಾಚೋ ಉಂಗುರೋ ಅಂತ ತಲಿ ಕೆಡಿಸಿಕೊಂಡಿದ್ದ.

ಮದಿವಿ ಆತು. ಅಕ್ಷತಾ ತಲಿ ಮ್ಯಾಲ ಇರೂವಾಗ್ಲೇ ಮಾಲಕರ ಕಾಲು ಬೀಳಾಕ ಇಬ್ಬರೂ ಅಂಗಡಿಗೆ ಹೋದ್ವಿ, ಬೀಗರು ಬಿಜ್ಜರು ಹಿಂದ. ಮದುಮಗಳು ಉಟ್ಟಿದ್ದು ಯಾವ ಸೀರಿ ಅಂತ ನಾ ಹೇಳಬೇಕಾಗಿಲ್ಲ. ಆಕಿ ಮಾಲಕರಿಗೆ ನಮಸ್ಕಾರ ಮಾಡಿದ್ಲು, ಆಮ್ಯಾಲ ಒಳಗ ನಡದು ಗ್ವಾಡಿ ಕಡೆ ಬಗ್ಗಿ, ಸೆರಗಿನ ದಡಿ ಬಿಡಿಸಿ ದೀಪಕ್ಕ ಹಿಡದ್ಲು.

ಟಿಂಯ್.

ನಮ್ಮ ಮಾವ, ಅಂದ್ರ ಅದ ಕಾಕಾ, ಬಿದ್ದ ಟಿಕೀಟು ತಗೊಂಡು ಎಲ್ಲಾರ ಮುಂದ ನನ್ನ ಕಿಸೆದಾಗ ಇಟ್ರು. “ಅಳಿಯಂದ್ರ, ಇದ ನಿಮ್ಮ ವರೋಪಚಾರ. ಲಕ್ಷ ಬರ್ಲಿ, ಕೋಟಿ ಬರ್ಲಿ, ನಾ ಕೇಳಾಂವಲ್ಲ.” ಮಂದಿ ಬಿದ್ದು ಬಿದ್ದು ನಕ್ಕರು. ನಮ್ಮಪ್ಪ ಒಬ್ಬ ನಗಲಿಲ್ಲ.

ಮರುದಿನ ನಂಬರು ಬಂದ್ವು. ನಾ ಪ್ಯಾಟಿಗೆ ಓಡಿ ಹೋಗಿ ನೋಡಿ ಬಂದೆ. ಆರರಾಗ ಒಂದೂ ಕೂಡಿರಲಿಲ್ಲ. ಮಾರಿ ಸಣ್ಣ ಮಾಡ್ಕೊಂಡು ಮನಿಗೆ ಬಂದು ಹೆಂಡ್ತಿಗೆ ಹೇಳಿದೆ, “ನಿಮ್ಮಪ್ಪ ಕೊಟ್ಟ ವರೋಪಚಾರ ನೀರಾಗ ಹೋತು ನೋಡು.”

ಆಕಿ ಸೀರಿ ಮಡಚಾಕತ್ತಿದ್ಲು. ತಲಿ ಎತ್ತಲಿಲ್ಲ.

“ಅವಸರ ಯಾಕ ಮಾಡ್ತೀರಿ?” ಅಂದ್ಲು. “ಸೀರಿ ಇನ್ನೂ ಹರದಿಲ್ಲಲ್ಲ.”