ವೀರಭದ್ರನ ಪಕ್ಕದ ಖಾಲಿ ಜಾಗ

ಎಲ್ಲಕ್ಕೂ ಮೂಲ ಮುತ್ತುರಾಜನ ಬಲಗೈ ಹೆಬ್ಬೆರಳು. ಒಂದು ಪದ ಹೊಡೆದ ಕೂಡಲೇ ಹೆಬ್ಬೆರಳಿನಿಂದ ಸ್ಪೇಸ್ ಒತ್ತದವನು ಟೈಪಿಸ್ಟೇ ಅಲ್ಲ ಎಂದು ಊರಿನ ಟೈಪಿಂಗ್ ಮೇಷ್ಟ್ರು ಅವನಿಗೆ ಸ್ಕೇಲಿನಲ್ಲಿ ಬಾರಿಸಿ ಕಲಿಸಿದ್ದರು. ಬಿಟಿಎಂ ಲೇಔಟಿನ ಸೀತಮ್ಮನವರ ವಧೂವರ ಕೇಂದ್ರಕ್ಕೆ ಆಪರೇಟರ್ ಆಗಿ ಸೇರಿದ ಮೇಲೂ ಅವನು ಆ ಪಾಠ ಬಿಡಲಿಲ್ಲ. ಒಂಬೈನೂರು ಹುಡುಗ ಹುಡುಗಿಯರ ವಿವರವನ್ನು ಕಂಪ್ಯೂಟರಿಗೆ ತುಂಬುವಾಗ ಪ್ರತಿ ಊರಿನ ಕೊನೆಗೆ, ಪ್ರತಿ ಮನೆದೇವರ ಕೊನೆಗೆ ಭಕ್ತಿಯಿಂದ ಒಂದು ಸ್ಪೇಸ್ ಒತ್ತಿದ. ಅವನು ರಜೆ ಹಾಕಿದ ದಿನಗಳಲ್ಲಿ ಸೀತಮ್ಮನವರೇ ಒಂದು ಬೆರಳಲ್ಲಿ ಕುಟ್ಟಿ ತುಂಬಿದರು. ಅವರಿಗೆ ಆ ಅಭ್ಯಾಸವಿರಲಿಲ್ಲ. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತಿದ್ದವು, ಹಾಗಾಗಿ ಯಾರೂ ಕೇಳಲಿಲ್ಲ.

ಅನುಭವಿಸಿದವನು ನಿಂಗರಾಜ. ಕುಷ್ಟಗಿ ಕಡೆಯವನು, ಜೆ.ಪಿ. ನಗರದ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಮರ್, ಸೀತಮ್ಮನವರ ಮಹಡಿ ಕೋಣೆಯ ಬಾಡಿಗೆದಾರ. ಓನರ್ ಕೇಳಿದರು ಎಂದು ಸಂಜೆ ಹೊತ್ತು ಕೂತು ಅವರ ಕೇಂದ್ರಕ್ಕೆ ಜೋಡಿ ಹುಡುಕುವ ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಅದರಲ್ಲಿ ಒಂದು ಕಟ್ಟುನಿಟ್ಟು ನಿಯಮವಿತ್ತು. ಹುಡುಗ ಹುಡುಗಿಯ ಮನೆದೇವರು ಒಂದೇ ಆದರೆ ಅವರು ಒಂದೇ ಒಕ್ಕಲು, ಅಣ್ಣತಂಗಿ ಲೆಕ್ಕ, ಜೋಡಿ ಮಾಡಕೂಡದು.

ಸಾವಿರದ ಒಂಬೈನೂರ ತೊಂಬತ್ತೆಂಟರ ಆ ಭಾನುವಾರ ಕೇಂದ್ರದ ದೊಡ್ಡ ಸಮಾವೇಶವಿತ್ತು. ಅದೇ ದಿನ ಮಧ್ಯಾಹ್ನ ಮೂರೂವರೆಗೆ ಹೊಸಕೆರೆಹಳ್ಳಿಯಲ್ಲಿ ನಿಂಗರಾಜನಿಗೆ ಹೆಣ್ಣು ನೋಡುವ ಶಾಸ್ತ್ರವೂ ಇತ್ತು. ಹುಡುಗಿ ಉಮಾಶ್ರೀ, ಶಾಲೆಯಲ್ಲಿ ಟೀಚರ್. ಅರೆಕೆರೆಯಲ್ಲಿರುವ ಅವನ ಅಕ್ಕ ಶಿವವ್ವನ ಮನೆಯ ಗೃಹಪ್ರವೇಶದಲ್ಲಿ ಅವಳು ಅವನ ಎಲೆಗೆ ಎರಡು ಸಲ ಹೋಳಿಗೆ ಬಡಿಸಿದ್ದಳು. ಅಂದಿನಿಂದ ಅವನಿಗೆ ಬೇರೆ ಹುಡುಗಿಯ ಫೋಟೋ ನೋಡುವ ಮನಸ್ಸೇ ಬಂದಿರಲಿಲ್ಲ. ಆದರೆ ಆಫೀಸಿನ ಕೆಲಸದಿಂದ ಎರಡು ಸಲ ಈ ಶಾಸ್ತ್ರ ತಪ್ಪಿಹೋಗಿತ್ತು. ಹುಡುಗಿಯ ತಂದೆ ದುಂಡಪ್ಪ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಗಡಿಯಾರ ನೋಡಿ ನೀರು ಕುಡಿಯುವ ಮನುಷ್ಯ. ಮೂರನೇ ಸಲ ತಪ್ಪಿದರೆ ಮತ್ತೆ ಬರುವುದು ಬೇಡ ಎಂದು ಶಿವವ್ವನ ಕೈಲಿ ಹೇಳಿ ಕಳಿಸಿದ್ದರು.

ಈ ವಿಷಯ ಸೀತಮ್ಮನವರಿಗೆ ಗೊತ್ತಿರಲಿಲ್ಲ. ತಮ್ಮ ಮನೆಯಲ್ಲೇ ಇರುವ ಹುಡುಗ ತಮ್ಮ ಕೇಂದ್ರ ಬಿಟ್ಟು ಅಕ್ಕನ ಕಡೆಯಿಂದ ಹೆಣ್ಣು ನೋಡುತ್ತಾನೆ ಎಂದರೆ ಅವರು ಸುಮ್ಮನಿರುವ ಪೈಕಿಯಲ್ಲ. ನಿಂಗರಾಜ ಬಾಯಿ ಮುಚ್ಚಿಕೊಂಡಿದ್ದ.

ಹನ್ನೊಂದು ಗಂಟೆಗೆ ಅವನು ಹೊಸ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಮುತ್ತುರಾಜ ಸ್ಕೂಟರಿನಲ್ಲಿ ಬಂದು ಮೆಟ್ಟಿಲು ಹತ್ತಿದ.

"ನಿಂಗರಾಜಣ್ಣ, ಲಗೂನ ಬರ್ರಿ. ಮೇಡಂ ಕರಿಯಾಕ್ಹತ್ತ್ಯಾರ. ಸ್ಟೇಜಿನ ಮ್ಯಾಲೆ ಇಬ್ರು ಅಪ್ಪಂದಿರು ಕೊರಳಪಟ್ಟಿ ಹಿಡಕೊಂಡಾರ."

ಜಯನಗರದ ಕಲ್ಯಾಣ ಮಂಟಪದಲ್ಲಿ ಆಗಿದ್ದು ಇಷ್ಟು. ಸೀತಮ್ಮನವರ ಪಟ್ಟಿಗಳಲ್ಲಿ ಹೆಸರು ಇರುವುದಿಲ್ಲ, ನಂಬರು ಮಾತ್ರ. ಹೆಸರು ಕೊಟ್ಟರೆ ಜನ ತಮ್ಮನ್ನು ಬಿಟ್ಟು ನೇರವಾಗಿ ಮಾತಾಡಿಕೊಳ್ಳುತ್ತಾರೆ ಎಂಬುದು ಅವರ ಭಯ. ಮೊದಲ ಜೋಡಿ ಎಂದು ಎರಡು ನಂಬರು ಕರೆದಾಗ ವೇದಿಕೆ ಹತ್ತಿದ್ದು ಜಯದೇವಪ್ಪ ಮತ್ತು ಹೊಳೆಪ್ಪ. ಒಬ್ಬರ ಮಗ, ಇನ್ನೊಬ್ಬರ ಮಗಳು. ಇಬ್ಬರೂ ವೀರಭದ್ರನ ಒಕ್ಕಲು, ಸಾಲದ್ದಕ್ಕೆ ದಾಯಾದಿಗಳು, ಹೊಲದ ಬದುವಿನ ಜಗಳದಲ್ಲಿ ಎಂಟು ವರ್ಷದಿಂದ ಮಾತು ಬಿಟ್ಟವರು.

"ತಂಗಿಗೆ ತಾಳಿ ಕಟ್ಟು ಅಂತಾರಲ್ರೀ ನನ್ನ ಮಗನಿಗೆ," ಎಂದು ಜಯದೇವಪ್ಪ ಮೈಕಿನಲ್ಲೇ ಹೇಳಿದರು.

ನಿಂಗರಾಜ ಮಂಟಪದ ವಧುವಿನ ಕೋಣೆಯಲ್ಲಿಟ್ಟಿದ್ದ ಕಂಪ್ಯೂಟರಿನ ಮುಂದೆ ಕೂತ. ಎರಡೂ ಕಡೆ ವೀರಭದ್ರ ಎಂದೇ ಇತ್ತು. ಕರ್ಸರ್ ಅನ್ನು ಪದದ ಕೊನೆಗೆ ತಳ್ಳಿದಾಗ ಒಂದರಲ್ಲಿ ಅದು ಅಕ್ಷರಕ್ಕೆ ಅಂಟಿ ನಿಂತಿತು, ಇನ್ನೊಂದರಲ್ಲಿ ಒಂದು ಹೆಜ್ಜೆ ಮುಂದೆ ನಿಂತಿತು. ಅವನಿಗೆ ಅರ್ಥವಾಯಿತು.

"ಮೇಡಂ, ವೀರಭದ್ರನ ಮುಂದೆ ಒಂದು ಖಾಲಿ ಜಾಗ ಇದೆ. ಅದಕ್ಕೇ ಕಂಪ್ಯೂಟರು ಇವೆರಡೂ ಬೇರೆ ಬೇರೆ ದೇವರು ಅಂದ್ಕೊಂಡಿದೆ."

"ಖಾಲಿ ಜಾಗ ಅಂದ್ರೆ?" ಸೀತಮ್ಮ ಕೇಳಿದರು.

"ಏನೂ ಇಲ್ಲ ಅಂತ."

"ಏನೂ ಇಲ್ಲದ್ದು ಹೇಗಪ್ಪ ಇಷ್ಟು ತೊಂದ್ರೆ ಕೊಡುತ್ತೆ? ಅದೇನೋ ಒಂದ್ ಹತ್ತು ನಿಮಿಷದಲ್ಲಿ ಸರಿ ಮಾಡ್ಬಿಡು. ಹೊರಗೆ ನಾನೂರು ಜನ ಕೂತಿದ್ದಾರೆ."

ಅಷ್ಟರಲ್ಲಿ ಮೈಕಿನ ಉಸ್ತುವಾರಿ ಹೊತ್ತಿದ್ದ ಏಕಾಂತಯ್ಯನವರು ಒಳಗೆ ಬಂದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಸಲಹೆ ಕೊಡದೆ ಇದ್ದರೆ ಅವರಿಗೆ ಊಟ ಸೇರುವುದಿಲ್ಲ.

"ನಮ್ಮ ಆಫೀಸಿನಲ್ಲಿ ಅರ್ಜೀಲಿ ಖಾಲಿ ಜಾಗ ಇದ್ರೆ ಏನ್ ಮಾಡ್ತಿದ್ವಿ ಗೊತ್ತಾ? ಗೀಟು ಹೊಡೆದು ಸೈನ್ ಹಾಕ್ತಿದ್ವಿ. ನೀವೂ ಹಾಗೇ ಮಾಡಿ ಸಾರ್."

"ಇದರಾಗ ಗೀಟು ಹೊಡಿಯೂದು ಬರೂದಿಲ್ರಿ," ಎಂದ ನಿಂಗರಾಜ. ಸಿಟ್ಟು ಬಂದಾಗ ಅವನ ಬಾಯಲ್ಲಿ ಕುಷ್ಟಗಿ ತಾನಾಗಿ ಬರುತ್ತಿತ್ತು.

ಒಂದೊಂದೇ ತಿದ್ದಲು ಒಂಬೈನೂರು ಜನ. ಅವನು ಪ್ರೋಗ್ರಾಮಿನಲ್ಲೇ ಒಂದು ಸಾಲು ಸೇರಿಸಿದ: ಯಾವ ಪದದ ತುದಿಯಲ್ಲಿ ಖಾಲಿ ಜಾಗವಿದ್ದರೂ ಕತ್ತರಿಸು, ಆಮೇಲೆ ಹೋಲಿಸು. ಹನ್ನೆರಡೂವರೆಗೆ ಬರೀ ಜೋಡಿ ನಂಬರುಗಳ ಹೊಸ ಪಟ್ಟಿ ಹೊರಬಂತು. ನಿಂಗರಾಜ ಎದ್ದು ಅಂಗಿ ಕೊಡವಿಕೊಂಡ. ಬಾಗಿಲು ದಾಟುವ ಮೊದಲೇ ಸೀತಮ್ಮ ಎದುರಾದರು.

"ನಿಂಗರಾಜು, ಎಂಬತ್ತಮೂರು ಜನಕ್ಕೆ ಒಂದೂ ಜೋಡಿ ಇಲ್ಲ ಅಂತಿದೆ. ಅದರಲ್ಲಿ ಡಾಕ್ಟ್ರುಗಳಿದ್ದಾರೆ ಕಣಯ್ಯ."

ಅವನು ಮತ್ತೆ ಕೂತು ನೋಡಿದ. ಆ ಎಂಬತ್ತಮೂರು ಜನ ಮನೆದೇವರ ಹೆಸರನ್ನೇ ಬರೆದುಕೊಟ್ಟಿರಲಿಲ್ಲ. ಅಲ್ಲೂ ಮುತ್ತುರಾಜನ ಹೆಬ್ಬೆರಳು ಬರೀ ಸ್ಪೇಸ್ ಒತ್ತಿತ್ತು. ಈಗ ಅದನ್ನು ಕತ್ತರಿಸಿದ ಮೇಲೆ ಎಲ್ಲರ ಮನೆದೇವರೂ ಏನೂ ಇಲ್ಲ ಎಂದಾಯಿತು. ಏನೂ ಇಲ್ಲದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಯಾವ ದೇವರಿಗೂ ಹೊಂದುತ್ತದೆ, ಹಾಗಾಗಿ ಆ ಎಂಬತ್ತಮೂರು ಜನ ಎಲ್ಲ ದೇವರಿಗೂ ಒಕ್ಕಲು. ಒಂಬೈನೂರು ಜನಕ್ಕೂ ಅಣ್ಣತಂಗಿಯರು.

ಅದನ್ನು ಸರಿಮಾಡುವಷ್ಟರಲ್ಲಿ ಎರಡು ಗಂಟೆ. ಊಟದ ಮನೆಯಿಂದ ಸಾರಿನ ವಾಸನೆ ಬರುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಆದರೂ ಹೊಸಕೆರೆಹಳ್ಳಿಯಲ್ಲಿ ತಿಂದರಾಯಿತು ಎಂದುಕೊಂಡು ಅವನು ಪೂರ್ತಿ ವಿವರದ ಪಟ್ಟಿಗೆ ಪ್ರಿಂಟ್ ಒತ್ತಿದ. ಪ್ರಿಂಟರು ಕರ್ರೋ ಎಂದು ಅರಚುತ್ತ ಕಾಗದ ಉಗುಳಿತು. ಏಕಾಂತಯ್ಯ ಅದನ್ನು ಹರಿದುಕೊಂಡು ಮೈಕಿನ ಕಡೆ ಓಡಿದರು. ಎರಡೇ ನಿಮಿಷದಲ್ಲಿ ಅವರ ದನಿ ಇಡೀ ಮಂಟಪಕ್ಕೆ ಕೇಳಿತು.

"ಕನ್ಯೆ ನಂಬರ್ ಇನ್ನೂರ ಆರು. ವಯಸ್ಸು ಇನ್ನೂರ ಎಂಬತ್ತೈದು ಪಾಯಿಂಟ್ ನಾಲ್ಕು."

ಸಭೆ ನಕ್ಕ ನಗೆಗೆ ಫ್ಯಾನುಗಳು ಅಲ್ಲಾಡಿದವು. ಆ ಹುಡುಗಿಯ ತಾಯಿ ರೇಣುಕವ್ವ ಮಾತ್ರ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸೀದಾ ಕಂಪ್ಯೂಟರಿನ ಕೋಣೆಗೆ ಬಂದರು.

"ಯಾರೀ ಅದು ನನ್ನ ಮಗಳನ್ನ ಮುದುಕಿ ಮಾಡಿದ್ದು? ಇಪ್ಪತ್ತೆಂಟು ತುಂಬಿಲ್ಲ ಇನ್ನೂ."

ತಪ್ಪು ನಿಂಗರಾಜನದೇ. ಪಟ್ಟಿಯಲ್ಲಿ ವಯಸ್ಸು, ಎತ್ತರ, ಊರು ಎಲ್ಲ ನೇರ ಸಾಲಿನಲ್ಲಿ ನಿಂತಿದ್ದದ್ದೇ ಒಂದೊಂದರ ಪಕ್ಕ ತುಂಬಿದ ಖಾಲಿ ಜಾಗದಿಂದ. ತುದಿಯ ಜಾಗವನ್ನೆಲ್ಲ ಕತ್ತರಿಸು ಎಂದಾಗ ಕಂಪ್ಯೂಟರು ಅದನ್ನೂ ಕತ್ತರಿಸಿತ್ತು. ಇಪ್ಪತ್ತೆಂಟು ವರ್ಷಕ್ಕೆ ಐದಡಿ ನಾಲ್ಕಿಂಚು ಹೋಗಿ ಅಂಟಿಕೊಂಡಿತ್ತು. ಬೆಳಗಿನಿಂದ ಖಾಲಿ ಜಾಗ ತೆಗೆದು ತೆಗೆದು ಸುಸ್ತಾದವನು ಈಗ ಕೂತು ಎಲ್ಲೆಲ್ಲಿ ಎಷ್ಟೆಷ್ಟು ಖಾಲಿ ಜಾಗ ತುಂಬಬೇಕೆಂದು ಬೆರಳು ಮಡಿಸಿ ಎಣಿಸಬೇಕಾಯಿತು. ಇಂಥ ದರಿದ್ರ ಕೆಲಸ ಶತ್ರುವಿಗೂ ಬೇಡ ಎನಿಸಿತು.

ಗಡಿಯಾರ ಮೂರು ತೋರಿಸುತ್ತಿತ್ತು. ದುಂಡಪ್ಪನವರ ಮನೆಗೆ ಫೋನಿಲ್ಲ. ಶಿವವ್ವ ಆಗಲೇ ಅಲ್ಲಿ ಹೋಗಿ ಕೂತಿರುತ್ತಾಳೆ. ಬೇರೆ ದಾರಿ ಕಾಣದೆ ನಿಂಗರಾಜ ಮುತ್ತುರಾಜನನ್ನು ಮೂಲೆಗೆ ಕರೆದು ಗುಟ್ಟು ಬಿಚ್ಚಿದ.

"ನೋಡು ಮುತ್ತು, ಇದು ನನ್ನ ಜೀವನದ ಪ್ರಶ್ನೆ. ಹೊಸಕೆರೆಹಳ್ಳಿಗೆ ಹೋಗಿ, ಹುಡುಗ ಒಂದು ತಾಸು ತಡಾ ಮಾಡಿ ಬರ್ತಾನ, ಖಂಡಿತ ಬರ್ತಾನ ಅಂತ ಹೇಳು. ನಾನು ಬರೂತನಕ ಅವರನ್ನ ಹೆಂಗರ ಮಾತಾಡಿಸ್ಕೋತ ಕುಂದುರು."

"ಚಿಂತಿ ಬಿಡ್ರಿ ಅಣ್ಣ," ಎಂದ ಮುತ್ತುರಾಜ. "ಮಾತಾಡಿಸೂದು ನನಗ ಬಿಡ್ರಿ."

ಅವನು ಸ್ಕೂಟರ್ ಹತ್ತಿ ಹೋದ ಮೇಲೆ ನಿಂಗರಾಜನಿಗೆ ಸ್ವಲ್ಪ ಸಮಾಧಾನವಾಯಿತು. ಸಮಾಧಾನ ಹೆಚ್ಚು ಹೊತ್ತು ಇರಲಿಲ್ಲ. ಒಮ್ಮೆ ಕರೆಂಟು ಹೋಯಿತು. ಒಮ್ಮೆ ಪ್ರಿಂಟರಿನ ರಿಬ್ಬನ್ ಸಿಕ್ಕಿಹಾಕಿಕೊಂಡಿತು. ಏಕಾಂತಯ್ಯನವರು ಅರ್ಧ ಗಂಟೆಗೊಮ್ಮೆ ಬಂದು, ಇದೇ ಕೆಲಸವನ್ನು ತಮ್ಮ ಕಾಲದಲ್ಲಿ ಇಬ್ಬರು ಗುಮಾಸ್ತರು ಕಾರ್ಬನ್ ಹಾಳೆ ಇಟ್ಟು ಮುಗಿಸುತ್ತಿದ್ದರು ಎಂದು ನೆನಪಿಸಿ ಹೋದರು. ಐದು ಗಂಟೆಗೆ ಕೊನೆಗೂ ಪಟ್ಟಿ ನೆಟ್ಟಗೆ ಬಂತು. ನಿಂಗರಾಜ ಚಪ್ಪಲಿ ಮೆಟ್ಟಿದ. ಸೀತಮ್ಮ ಒಂದು ಚೀಟಿ ಹಿಡಿದು ಬಂದರು.

"ಕೊನೇದು ಇದೊಂದು. ನಂಬರ್ ನೂರ ಹದಿನೇಳು, ಆರುನೂರ ನಲವತ್ತು. ಹುಡುಗಿ ತಂದೆ ಹೊರಗೆ ಕಾಯ್ತಿದ್ದಾರೆ. ಪಾಪ, ವಯಸ್ಸಾದವರು, ಬರಿಗೈಲಿ ಕಳಿಸ್ಬಾರ್ದು."

ಬೇಗ ಮುಗಿಸಿದರೆ ಬೇಗ ಹೊರಡಬಹುದು. ಅವನು ಎರಡೂ ನಂಬರು ಒತ್ತಿದ. ಮನೆದೇವರು ಬೇರೆ ಬೇರೆ, ಅಡ್ಡಿಯಿಲ್ಲ ಎಂದು ಬಂತು. ಆ ದಿನದ ಮೇಲೆ ನಂಬಿಕೆ ಇರಲಿಲ್ಲವಾಗಿ ಇನ್ನೊಮ್ಮೆ ಒತ್ತಿ ನೋಡಿದ. ಅದೇ ಬಂತು. ಕಾಗದದ ಮೇಲೆ ವಯಸ್ಸು ವಯಸ್ಸಿನ ಜಾಗದಲ್ಲಿ, ಎತ್ತರ ಎತ್ತರದ ಜಾಗದಲ್ಲಿ, ಒಂದಕ್ಕೊಂದು ತಾಗದೆ ನಿಂತಿದ್ದವು. ಬೆಳಗಿನಿಂದ ಬಂದ ಕಾಗದಗಳಲ್ಲಿ ತಪ್ಪಿಲ್ಲದ್ದು ಇದೊಂದೇ. ನಿಂಗರಾಜನಿಗೆ ಅದರ ಮೇಲೆ ಪ್ರೀತಿಯೇ ಬಂತು. ಅದನ್ನು ಹುಷಾರಾಗಿ ಹರಿದು ಸೀತಮ್ಮನವರ ಕೈಗೆ ಕೊಟ್ಟ.

"ನೂರು ವರ್ಷ ಚೆನ್ನಾಗಿ ಬಾಳ್ತಾರೆ ಬಿಡಿ ಮೇಡಂ," ಎಂದು ಹೇಳಿ ಹಿಂದಿನ ಬಾಗಿಲಿನಿಂದ ಓಡಿದ.

ಆಟೋ ಸಿಗಲು ಅರ್ಧ ಗಂಟೆ, ಬನಶಂಕರಿಯ ಟ್ರಾಫಿಕ್ಕಿನಲ್ಲಿ ಇನ್ನರ್ಧ ಗಂಟೆ. ಹೊಸಕೆರೆಹಳ್ಳಿ ತಲುಪಿದಾಗ ಆರೂಕಾಲು. ದುಂಡಪ್ಪನವರ ಮನೆಯ ಬಾಗಿಲು ತೆರೆದಿತ್ತು, ಒಳಗಿಂದ ನಗು ಕೇಳುತ್ತಿತ್ತು. ಸದ್ಯ, ಮುತ್ತುರಾಜ ಎಲ್ಲರನ್ನೂ ಹಿಡಿದಿಟ್ಟಿದ್ದಾನೆ ಎಂದು ನಿಂಗರಾಜನ ಜೀವ ತಂಪಾಯಿತು. ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು, ತಲೆ ಬಾಚಿಕೊಂಡು ಒಳಗೆ ಹೋದ.

"ಬರ್ರಿ ಬರ್ರಿ, ಕುಂದರ್ರಿ," ಎಂದರು ದುಂಡಪ್ಪ. ಅವರ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಮುತ್ತುರಾಜ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ಹಣೆಯಲ್ಲಿ ಹೊಸ ಕುಂಕುಮ, ಕೈಯಲ್ಲಿ ತೆಂಗಿನಕಾಯಿ. ಶಿವವ್ವ ತಮ್ಮನ ಮುಖ ನೋಡಲಿಲ್ಲ.

"ತಡಾ ಆತ್ರಿ, ತಪ್ಪು ತಿಳಕೋಬ್ಯಾಡ್ರಿ," ಎಂದ ನಿಂಗರಾಜ.

"ತಪ್ಪೇನಿಲ್ಲ ಬಿಡ್ರಿ. ಖರೇ ಹೇಳ್ಬೇಕಂದ್ರ ನಾಲ್ಕು ಗಂಟೆಕ್ಕ ನನ್ನ ಸಿಟ್ಟು ನೆತ್ತಿಗೇರಿತ್ತು. ಇನ್ನ ಆ ಹುಡುಗನ ಸುದ್ದಿ ಬ್ಯಾಡ ಅಂದ್ಬಿಟ್ಟೆ. ಆದ್ರ ನೀವು ಕಳಿಸಿದ ಈ ಹುಡುಗ ಸಂಭಾವಿತ. ಹೇಳಿದ ಟೈಮಿಗೆ ಸರೀಗೆ ಬಂದ. ಊರು ಕೇಳಿದೆ, ನಮ್ಮ ಬೀಗರ ಊರಿನ ಪಕ್ಕದ್ದು. ಮಂದಿ ಕೇಳಿದೆ, ನಮ್ಮ ಪೈಕೀನೇ. ನಮ್ಮ ಉಮಾನ ಹೆಸರು ನಿಮ್ಮ ಮೇಡಮ್ಮರ ಕೇಂದ್ರದಾಗ ಮೊದಲ ಬರಿಸಿದ್ವಿ, ಅವನ ಹೆಸರೂ ಅಲ್ಲೇ ಐತಂತ ಆಗ ಗೊತ್ತಾತು. ಮನಿದೇವ್ರದು ಒಂದು ಖಾತ್ರಿ ಆಗ್ಲಿ ಅಂತ ಅವನ ಸ್ಕೂಟರಿನ್ಯಾಗ ಸಮಾವೇಶಕ್ಕ ಹೋಗಿ ಬಂದ್ವಿ."

ಅವರು ಕಿಸೆಯಿಂದ ಒಂದು ಕಾಗದ ತೆಗೆದು ಬಿಡಿಸಿದರು. ನೂರ ಹದಿನೇಳು, ಆರುನೂರ ನಲವತ್ತು.

"ಈ ಪ್ರೋಗ್ರಾಮ್ ಬರದಾವ್ರು ನೀವ ಅಂತಲ್ಲ. ಬೆಳಿಗ್ಗಿ ಅದರಾಗ ಏನೇನೋ ತಪ್ಪು ಬಂದಿದ್ವಂತ, ಮುತ್ತುರಾಜ ಹೇಳಿದ. ಅದಕ್ಕ ನಿಮ್ಮನ್ನ ಕಾಯ್ತಿದ್ವಿ. ಸರ್ಯಾಗಿ ನೋಡಿ ಹೇಳ್ರಿ, ಇದು ಸರಿ ಐತೋ ಇಲ್ಲೋ. ನೀವು ಬ್ಯಾಡ ಅಂದ್ರ ಇಲ್ಲಿಗೇ ಬಿಡ್ತೀವಿ."

ನಿಂಗರಾಜ ಕಾಗದ ಕೈಗೆ ತೆಗೆದುಕೊಂಡ. ಅಡುಗೆಮನೆ ಬಾಗಿಲಲ್ಲಿ ಉಮಾಶ್ರೀ ನಿಂತಿದ್ದಳು. ಅವನು ಏನು ಹೇಳುತ್ತಾನೋ ಎಂದು ಅವಳ ಕಣ್ಣು ಅವನ ಮೇಲಿತ್ತು. ಆ ಕಣ್ಣಲ್ಲಿ ಇದ್ದ ಆತಂಕ ತನಗಾಗಿ ಅಲ್ಲ ಎಂದು ಅವನಿಗೆ ತಿಳಿಯಿತು. ಅವನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದ. ಒಂದು ತಪ್ಪು, ಎಲ್ಲಾದರೂ ಒಂದೇ ಒಂದು ತಪ್ಪು ಸಿಗಲಿ ಎಂದು ತನ್ನ ಮನೆದೇವರನ್ನು ಬೇಡಿಕೊಂಡು ಓದಿದ. ಎಲ್ಲೂ ಸಿಗಲಿಲ್ಲ.

"ಸರಿ ಐತ್ರಿ," ಎಂದ.

"ಏನೂ ತಪ್ಪಿಲ್ಲ?"

"ಎರಡು ಸಲ ನೋಡೇನ್ರಿ."

ದುಂಡಪ್ಪ ಸಂತೋಷದಿಂದ ತೊಡೆ ತಟ್ಟಿಕೊಂಡರು. ಮುತ್ತುರಾಜ ಎದ್ದು ಬಂದು ನಿಂಗರಾಜನ ಕಾಲಿಗೆ ನಮಸ್ಕಾರ ಮಾಡಿದ. ಒಳಗಿನಿಂದ ಉಪ್ಪಿಟ್ಟಿನ ತಟ್ಟೆ ಬಂತು, ತಣ್ಣಗಾಗಿತ್ತು. ನಿಂಗರಾಜ ಪೂರ್ತಿ ತಿಂದ. ಹಸಿವಾಗಿತ್ತು.